ಕಡಲ ಮೇಲಿನ ಅಂಗಡಿ ಮತ್ತು ನಮ್ಮ ದಾಕ್ಷಿಣ್ಯ

ದಾಕ್ಷಿಣ್ಯವೆಂಬುದು ನಮ್ಮ ನಾಡಿನ ಸದ್ಗುಣಗಳಲ್ಲೊಂದು. ಕೊಡುವವರ ಮುಖ ಬಾಡಬಾರದೆಂದು ಬೇಡವಾಗಿದ್ದರೂ ಇನ್ನೊಂದು ಲೋಟ ಕಾಫಿ ಕುಡಿಯುತ್ತೇವೆ. ಕರೆದವರ ಮನಸ್ಸು ನೋಯಬಾರದೆಂದು ದೂರದ ಮದುವೆಗೂ ಹೋಗಿ ಮುಖ ತೋರಿಸಿ ಬರುತ್ತೇವೆ. ಈ ಗುಣವಿಲ್ಲದಿದ್ದರೆ ನೆರೆಹೊರೆಯ ಬದುಕು ಒಣಗಿಹೋಗುತ್ತಿತ್ತು. ಆದರೆ ಈ ಗುಣಕ್ಕೆ ಇನ್ನೊಂದು ಮುಖವೂ ಇದೆ. 'ಬೇಡ' ಎನ್ನಬೇಕಾದ ಸ್ಥಳದಲ್ಲಿ ಹಾಗೆನ್ನಲಾರದೆ, ಒಲ್ಲದ ಹೊರೆಯನ್ನು ಹೊತ್ತು ಮನೆಗೆ ಬಂದು, ಆ ಮೇಲೆ ಒಳಗೊಳಗೇ ಕುದಿಯುವುದು ಆ ಮುಖ. ಇದನ್ನು ಚೆನ್ನಾಗಿ ಅರಿತು ಅದರ ಮೇಲೆಯೇ ವ್ಯಾಪಾರ ಕಟ್ಟಿಕೊಂಡಿರುವ ಸ್ಥಳಗಳು ಲೋಕದಲ್ಲಿ ಹಲವಿವೆ. ಕ್ರೂಸ್ ಎಂದು ಕರೆಯಲಾಗುವ ವಿಹಾರ ನೌಕೆ ಅವುಗಳಲ್ಲಿ ಒಂದು.

ವಿಹಾರ ನೌಕೆಯ ಮಾತು ನಮ್ಮ ಓದುಗರಿಗೆ ಏಕೆ ಎಂದು ಯಾರಾದರೂ ಕೇಳಬಹುದು. ಕಾರಣಗಳು ಎರಡು. ಮೊದಲನೆಯದಾಗಿ, ಕೆನಡ, ಅಮೆರಿಕಗಳಲ್ಲಿ ನೆಲೆಸಿರುವ ಮಕ್ಕಳು ಊರಿನಿಂದ ತಂದೆ ತಾಯಿಯರನ್ನು ಕರೆಸಿಕೊಂಡಾಗ, ಬೇಸಗೆಯ ಒಂದು ವಾರ ಅವರನ್ನು ಹಡಗು ಹತ್ತಿಸುವುದು ಈಗ ಅಪರೂಪವಲ್ಲ. ವ್ಯಾಂಕೂವರ್ ಅಥವಾ ಸಿಯಾಟಲ್‌ನಿಂದ ಅಲಾಸ್ಕಕ್ಕೆ, ಫ್ಲಾರಿಡದಿಂದ ಕೆರಿಬಿಯನ್ ದ್ವೀಪಗಳಿಗೆ ಈ ನೌಕೆಗಳು ಹೊರಡುತ್ತವೆ. ಮುಂಬಯಿಯಿಂದಲೂ ಇಂತಹ ಯಾನಗಳು ನಡೆದಿವೆ. ಎರಡನೆಯದಾಗಿ, ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳ ಮಕ್ಕಳು 'ಶಿಪ್ಪಿನ ಕೆಲಸ'ದಲ್ಲಿದ್ದಾರೆ. ಅಡುಗೆಮನೆಯಲ್ಲಿ, ಊಟದ ಕೋಣೆಯಲ್ಲಿ, ಬಾರಿನಲ್ಲಿ, ಕ್ಯಾಬಿನ್ನುಗಳನ್ನು ಒಪ್ಪಗೊಳಿಸುವಲ್ಲಿ ಅವರು ದುಡಿಯುತ್ತಿದ್ದಾರೆ. ಆದುದರಿಂದ ಮಾರುವವರ ಸಾಲಿನಲ್ಲೂ ಕೊಳ್ಳುವವರ ಸಾಲಿನಲ್ಲೂ ನಮ್ಮವರಿದ್ದಾರೆ. ಈ ವಿಷಯದಲ್ಲಿ ನಾವು ಕೊಡುವ ತೀರ್ಪು ಇಬ್ಬರಿಗೂ ನ್ಯಾಯವಾಗಿರಬೇಕು.

ಟಿಕೆಟ್ಟಿನ ಆಚೆಗಿನ ಬೆಲೆ

ಮೊದಲು ಲೆಕ್ಕವನ್ನು ತಿಳಿಯೋಣ. ಜಗತ್ತಿನ ಅತಿ ದೊಡ್ಡ ವಿಹಾರ ನೌಕಾ ಸಮೂಹವಾದ ಕಾರ್ನಿವಲ್ 2023ನೆಯ ವರ್ಷದಲ್ಲಿ ಗಳಿಸಿದ ಒಟ್ಟು ಆದಾಯ ಸುಮಾರು 2,160 ಕೋಟಿ ಡಾಲರ್. ಇದರಲ್ಲಿ ಟಿಕೆಟ್ ಮಾರಾಟದಿಂದ ಬಂದದ್ದು ಸುಮಾರು 1,410 ಕೋಟಿ. ಉಳಿದ 750 ಕೋಟಿ ಡಾಲರ್ ಬಂದದ್ದು ಹಡಗಿನೊಳಗಿನ ಮಾರಾಟ ಮತ್ತು ಇತರ ಬಾಬುಗಳಿಂದ. ಅಂದರೆ ಮೂರರಲ್ಲಿ ಒಂದು ಪಾಲಿಗಿಂತಲೂ ತುಸು ಹೆಚ್ಚು. ಪಾನೀಯ, ಜೂಜಿನ ಕೋಣೆ, ಅಂಗಡಿ, ಸ್ಪಾ, ದಡದ ಮೇಲಿನ ಪ್ರವಾಸ, ಇಂಟರ್‌ನೆಟ್ ಎಲ್ಲವೂ ಇದರಲ್ಲಿ ಸೇರಿವೆ. ಟಿಕೆಟ್ ಅಗ್ಗವೆಂದು ನಮಗೆ ಕಾಣುವುದಿದ್ದರೆ, ಹಡಗಿಗೆ ಬಂದ ಮೇಲೆ ನಾವು ಇನ್ನಷ್ಟು ಕೊಳ್ಳುವೆವೆಂಬ ಅಂದಾಜಿನ ಮೇಲೆಯೇ ಅದರ ದರ ನಿಂತಿದೆ. ಇದನ್ನು ಮೋಸವೆನ್ನಲಾಗದು. ಕಂಪೆನಿಗಳು ಈ ಅಂಕಿಗಳನ್ನು ಬಚ್ಚಿಡುವುದೂ ಇಲ್ಲ, ತಮ್ಮ ವಾರ್ಷಿಕ ವರದಿಗಳಲ್ಲಿ ಪ್ರಕಟಿಸುತ್ತವೆ. ಆದರೆ ಪ್ರಯಾಣಿಕ ಆ ವರದಿಯನ್ನು ಓದಿ ಹಡಗು ಹತ್ತುವುದಿಲ್ಲ.

ಹಡಗಿನಲ್ಲಿ ಸಾಮಾನ್ಯವಾಗಿ ನಗದು ನಡೆಯುವುದಿಲ್ಲ. ಹತ್ತುವಾಗ ಕೊಡುವ ಒಂದು ಕಾರ್ಡು ಕ್ಯಾಬಿನ್ನಿನ ಬೀಗದ ಕೈಯೂ ಹೌದು, ಹಣದ ಚೀಲವೂ ಹೌದು. ಅದು ಮಗನ ಅಥವಾ ಮಗಳ ಕ್ರೆಡಿಟ್ ಕಾರ್ಡಿಗೆ ಜೋಡಿಸಲ್ಪಟ್ಟಿರುತ್ತದೆ. ಕಾರ್ಡು ತೋರಿಸಿ ರುಜು ಹಾಕಿದರೆ ಸಾಕು, ಕೈಯಿಂದ ಒಂದು ನೋಟೂ ಜಾರುವುದಿಲ್ಲ. ಜೀವಮಾನವಿಡೀ ನೋಟು ಎಣಿಸಿ ಕೊಟ್ಟು ಚಿಲ್ಲರೆ ಎಣಿಸಿ ಪಡೆದ ಹಿರಿಯರಿಗೆ ಇದು ಉಚಿತದಂತೆಯೇ ತೋರುವುದು ಸಹಜ. ಊಟ ಉಚಿತ, ನಾಟಕ ಉಚಿತ, ಈಜುಕೊಳ ಉಚಿತ ಎಂದಿರುವಲ್ಲಿ ಯಾವುದು ಉಚಿತವಲ್ಲ ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಬೆಲೆ ತಿಳಿಯುವುದು ಕೊನೆಯ ದಿನ, ಲೆಕ್ಕದ ಪಟ್ಟಿ ಕೈಗೆ ಬಂದಾಗ.

ಮಾರಾಟದ ಮಾತು ಮೊದಲ ದಿನವೇ ಆರಂಭವಾಗುತ್ತದೆ. ಊಟದ ಕೋಣೆಯ ಬಾಗಿಲಲ್ಲೇ ವಿಶೇಷ ಭೋಜನಶಾಲೆಯ ಚೀಟಿ ಹಿಡಿದವರಿರುತ್ತಾರೆ. ಸ್ಪಾವನ್ನು ನೋಡಲು ಬನ್ನಿ, ಚೀಟಿ ಎತ್ತಿ ಬಹುಮಾನ ಕೊಡುತ್ತೇವೆ ಎನ್ನುತ್ತಾರೆ. ಬಹುಮಾನ ಬೇಕಾದರೆ ಕೊನೆಯವರೆಗೆ ಅಲ್ಲಿಯೇ ಇರಬೇಕು. ಪ್ರತಿದಿನದ ಕಾರ್ಯಕ್ರಮ ಪಟ್ಟಿಯಲ್ಲಿ ಉಪನ್ಯಾಸಗಳೂ ಇರುತ್ತವೆ. ಬೆನ್ನುನೋವಿನ ನಿವಾರಣೆ, ಹೊಟ್ಟೆಯ ಕೊಬ್ಬಿನ ಕರಗುವಿಕೆ, ಪಾದಗಳ ಪರೀಕ್ಷೆ ಮುಂತಾದವು ಅವುಗಳ ವಿಷಯ. ಉಪನ್ಯಾಸಕ್ಕೆ ಶುಲ್ಕವಿಲ್ಲ. ಉಪನ್ಯಾಸದ ಕೊನೆಯಲ್ಲಿ ಚಿಕಿತ್ಸೆಯ ದರಪಟ್ಟಿ ಬರುತ್ತದೆ, ಚಿಕಿತ್ಸೆಯ ಕೊನೆಯಲ್ಲಿ ಎಣ್ಣೆ, ಲೇಪನ, ಪುಡಿಗಳ ಇನ್ನೊಂದು ಪಟ್ಟಿ ಬರುತ್ತದೆ. ವೈದ್ಯರು ಔಷಧ ಬರೆದುಕೊಟ್ಟಂತೆ ಅದನ್ನು ಬರೆದುಕೊಡುವುದರಿಂದ, ವೈದ್ಯರ ಮಾತನ್ನು ಮೀರದ ನಮ್ಮ ಹಿರಿಯರು ಅದನ್ನೂ ಮೀರುವುದಿಲ್ಲ.

ಪಾನೀಯದ 'ಪ್ಯಾಕೇಜ್' ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಉದಾಹರಣೆಗೆ ದಿನಕ್ಕೆ 70 ಡಾಲರ್ ಎಂದಿಟ್ಟುಕೊಳ್ಳಿ. ಅದರ ಮೇಲೆ ಶೇಕಡಾ 18 ಸೇವಾ ಶುಲ್ಕ ಸೇರಿದರೆ 82 ಡಾಲರ್ 60 ಸೆಂಟ್ಸ್. ಏಳು ದಿನಕ್ಕೆ 578 ಡಾಲರಿಗೂ ಮಿಗಿಲು. ಒಂದೇ ಕ್ಯಾಬಿನ್ನಿನಲ್ಲಿರುವ ವಯಸ್ಕರಲ್ಲಿ ಒಬ್ಬರು ಕೊಂಡರೆ ಇನ್ನೊಬ್ಬರೂ ಕೊಳ್ಳಬೇಕೆಂಬ ನಿಯಮ ಹಲವು ಕಂಪೆನಿಗಳಲ್ಲಿದೆ. ಹಾಗಾದರೆ ದಂಪತಿಗಳಿಗೆ 1,156 ಡಾಲರ್, ಹೆಚ್ಚು ಕಡಿಮೆ ಒಂದು ಲಕ್ಷ ರೂಪಾಯಿ. ಒಂದು ಗ್ಲಾಸಿಗೆ 12 ಡಾಲರ್ ಮತ್ತು ಸೇವಾ ಶುಲ್ಕವೆಂದು ಹಿಡಿದರೆ, ಹಣ ಹುಟ್ಟಬೇಕಾದರೆ ಒಬ್ಬೊಬ್ಬರೂ ದಿನಕ್ಕೆ ಆರು ಗ್ಲಾಸು ಕುಡಿಯಬೇಕು. ದಡಕ್ಕೆ ಇಳಿದು ಊರು ಸುತ್ತುವ ದಿನವೂ ಇದಕ್ಕೆ ವಿನಾಯಿತಿಯಿಲ್ಲ. ರಾತ್ರಿಯೂಟಕ್ಕೆ ಮುನ್ನ ಒಂದೇ ಒಂದು ಪೆಗ್ ತೆಗೆದುಕೊಳ್ಳುವ ತಂದೆ, ಹಣ್ಣಿನ ರಸದಾಚೆಗೆ ಹೋಗದ ತಾಯಿ, ಇವರಿಗೆ ಈ ವ್ಯವಹಾರದಿಂದ ಆಗುವ ಲಾಭವೇನು? ನೀರು, ಚಹಾ, ಸಾಧಾರಣ ಕಾಫಿ ಸಾಮಾನ್ಯವಾಗಿ ಟಿಕೆಟ್ಟಿನಲ್ಲೇ ಸೇರಿರುತ್ತವೆ. ಚೆನ್ನಾಗಿ ಕುಡಿಯುವವರಿಗೆ ಪ್ಯಾಕೇಜು ಲಾಭಕರವಾಗಬಹುದು. ಆದರೆ ಅದು ಆರೋಗ್ಯಕ್ಕೂ ಲಾಭವೇ ಎಂಬುದು ಬೇರೆ ಪ್ರಶ್ನೆ.

ಇನ್ನು ಕಲಾಕೃತಿಗಳ ಹರಾಜು. ಶಾಂಪೇನ್ ಉಚಿತ, ಕುಳಿತುಕೊಳ್ಳಲು ಮೆತ್ತನೆಯ ಆಸನ, ಸೊಗಸಾದ ಮಾತುಗಾರಿಕೆ. ಮಾರಾಟಕ್ಕಿರುವ ಚಿತ್ರಗಳಲ್ಲಿ ಬಹಳಷ್ಟು ಮೂಲ ಕೃತಿಗಳಲ್ಲ, ಮುದ್ರಿತ ಪ್ರತಿಗಳು. ಇವುಗಳ ಮೌಲ್ಯ ಇಷ್ಟೆಂದು ಪ್ರಮಾಣಪತ್ರ ಕೊಡುವವರು ಅನೇಕ ಸಲ ಮಾರುವವರೇ. ಕೊಂಡವರು ಕೂಗಿದ ಬೆಲೆಯ ಮೇಲೆ ಇನ್ನೊಂದಿಷ್ಟು ಶುಲ್ಕ ಸೇರಿಸಿ ಕೊಡಬೇಕಾಗುತ್ತದೆ. ಮನೆಯ ಗೋಡೆಗೆ ಒಂದು ಚಿತ್ರ ಬೇಕು, ಅದು ಕಣ್ಣಿಗೆ ಹಿತವಾಗಿದೆ, ಕೈಯಲ್ಲಿ ಹಣವಿದೆ ಎಂದಾದರೆ ಯಾರ ಅಡ್ಡಿಯೂ ಇಲ್ಲ. ನಾಳೆ ಬೆಲೆ ಏರುವ ಆಸ್ತಿಯೆಂದು ಕೊಳ್ಳುವುದಾದರೆ ಮಾತ್ರ, ಅದನ್ನು ಮರಳಿ ಕೊಳ್ಳುವವರು ಯಾರು ಎಂದು ಒಮ್ಮೆ ಕೇಳಿಕೊಳ್ಳಬೇಕು.

ಬಂದರಿನ ಅಂಗಡಿಗಳನ್ನು ಪರಿಚಯಿಸುವ ಉಪನ್ಯಾಸ ಇವೆಲ್ಲಕ್ಕಿಂತ ಸೂಕ್ಷ್ಮವಾದುದು. ಅಲಾಸ್ಕದ ರಾಜಧಾನಿ ಜೂನೊವನ್ನೇ ನೋಡಿ. ಊರಿನ ಜನಸಂಖ್ಯೆ ಸುಮಾರು 32 ಸಾವಿರ. 2023ರಲ್ಲಿ ನೌಕೆಗಳಿಂದ ಅಲ್ಲಿಗೆ ಬಂದವರು 16 ಲಕ್ಷಕ್ಕೂ ಹೆಚ್ಚು. ಹಡಗುಗಳು ನಿಲ್ಲುವ ಕಟ್ಟೆಯ ಪಕ್ಕದ ಬೀದಿಯಲ್ಲಿ ಸಾಲು ಸಾಲಾಗಿ ಆಭರಣದ ಅಂಗಡಿಗಳು. ಹಡಗಿನಲ್ಲಿ 'ಶಾಪಿಂಗ್ ಗೈಡ್' ಎಂಬವರು ನಕ್ಷೆಯೊಂದನ್ನು ಹಂಚಿ, ಇಂತಿಂತಹ ಅಂಗಡಿಗೆ ಹೋಗಿ, ಈ ಚೀಟಿ ತೋರಿಸಿದರೆ ಉಚಿತ ಕಾಣಿಕೆ ಸಿಗುತ್ತದೆ ಎನ್ನುತ್ತಾರೆ. ಅಲ್ಲಿ ಎದ್ದು ಕಾಣುವ ಕಲ್ಲುಗಳಲ್ಲೊಂದು ನೀಲಿ ಬಣ್ಣದ ಟಾಂಜನೈಟ್. ಅದು ಅಲಾಸ್ಕದ ಕಲ್ಲಲ್ಲ. 1967ರಲ್ಲಿ ಆಫ್ರಿಕದ ಟಾಂಜಾನಿಯದಲ್ಲಿ ಪತ್ತೆಯಾದ ಈ ಕಲ್ಲಿಗೆ ಮರುವರ್ಷ ಆ ಹೆಸರು ಕೊಟ್ಟು ಮಾರುಕಟ್ಟೆಗೆ ತಂದದ್ದು ನ್ಯೂಯಾರ್ಕಿನ ಟಿಫನಿ ಕಂಪೆನಿ. ಊರಿನಲ್ಲಿ ಒಂದು ಉಂಗುರ ಕೊಳ್ಳಬೇಕಾದರೆ ನಾವು ಮೂರು ಅಂಗಡಿ ಹತ್ತಿಳಿಯುತ್ತೇವೆ, ಹಾಲ್‌ಮಾರ್ಕ್ ನೋಡುತ್ತೇವೆ, ಪರಿಚಯದ ಚಿನ್ನದ ಕೆಲಸದವರನ್ನು ವಿಚಾರಿಸುತ್ತೇವೆ. ಅದೇ ನಾವು ಹಿಮಪರ್ವತದ ತಪ್ಪಲಿನಲ್ಲಿ, ಹಡಗು ಹೊರಡಲು ಎರಡು ಗಂಟೆಯಿರುವಾಗ, ಎಂದೂ ಕೇಳದ ಕಲ್ಲಿಗೆ ಇಪ್ಪತ್ತು ನಿಮಿಷಗಳಲ್ಲಿ ರುಜು ಹಾಕುವುದಾದರೆ, ನಮ್ಮ ವಿವೇಕವನ್ನು ಊರಿನಲ್ಲೇ ಬಿಟ್ಟು ಬಂದೆವೆಂದೇ ಅರ್ಥ.

ರೋಡ್ಸ್ ದ್ವೀಪದ ಧಾನ್ಯ

ಹಾಗಾದರೆ ಇದರಲ್ಲಿ ತಪ್ಪು ಯಾವುದು? ಮಾರುವುದು ತಪ್ಪಲ್ಲ. ಮಾರಾಟವಿಲ್ಲದೆ ಲೋಕವ್ಯವಹಾರವೇ ಇಲ್ಲ. ಸಂತೆಗೆ ಹೋದವರಿಗೆ ಸಂತೆಯ ಧರ್ಮ ಗೊತ್ತಿರುತ್ತದೆ. ಅಲ್ಲಿ ಕೂಗುವವರು ಕೂಗುತ್ತಾರೆ, ಚೌಕಾಸಿ ಮಾಡುವವರು ಮಾಡುತ್ತಾರೆ, ಬೇಡವಾದರೆ ಮುಂದಿನ ಅಂಗಡಿಗೆ ನಡೆಯುತ್ತಾರೆ. ಹಡಗಿನಲ್ಲಿ ಎರಡು ಸಂಗತಿಗಳು ಬೇರೆಯಾಗಿವೆ. ಮೊದಲನೆಯದು, ನಡೆದು ಹೋಗಲು ಅಲ್ಲಿ ಮುಂದಿನ ಅಂಗಡಿಯಿಲ್ಲ, ಸುತ್ತಲೂ ಕಡಲು. ಎರಡನೆಯದು, ಅಲ್ಲಿ ಆತಿಥೇಯನೂ ವರ್ತಕನೂ ಒಂದೇ ಸಮವಸ್ತ್ರ ತೊಟ್ಟಿದ್ದಾರೆ. ಬೆಳಿಗ್ಗೆ ನಮಸ್ಕರಿಸಿ ಕುರ್ಚಿ ಎಳೆದುಕೊಟ್ಟವರೇ ಸಂಜೆ ದರಪಟ್ಟಿ ಹಿಡಿದು ಬರುತ್ತಾರೆ. ಆತಿಥೇಯನಿಗೆ 'ಬೇಡ' ಎನ್ನುವುದು ನಮ್ಮ ಸಂಸ್ಕಾರದಲ್ಲಿ ಒರಟುತನ. ವರ್ತಕನಿಗೆ 'ಬೇಡ' ಎನ್ನುವುದು ದಿನನಿತ್ಯದ ವ್ಯವಹಾರ. ಈ ಎರಡು ಪಾತ್ರಗಳು ಬೆರೆತಾಗ ಆತಿಥೇಯನಿಗೆ ಸಲ್ಲಬೇಕಾದ ದಾಕ್ಷಿಣ್ಯ ವರ್ತಕನ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ. ನಾವು ಕೊಂಡ ವಸ್ತುವಿಗಿಂತ ಮೊದಲು ಅಲ್ಲಿ ಮಾರಾಟವಾಗುವುದು ನಮ್ಮ ಸಂಕೋಚವೇ.

ಕೊಳ್ಳುವವನಿಗೆ ಮಾರುವವನು ಎಷ್ಟನ್ನು ತಿಳಿಸಬೇಕು ಎಂಬುದು ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆ. ಅದನ್ನು ಕೇಳಿದ್ದೂ ಒಂದು ಹಡಗಿನ ನೆಪದಲ್ಲಿಯೇ. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಆ ಪ್ರಸಂಗ ಬರುತ್ತದೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಸಜ್ಜನನಾದ ಒಬ್ಬ ವರ್ತಕ ಅಲೆಗ್ಸಾಂಡ್ರಿಯದಿಂದ ಹಡಗಿನ ತುಂಬ ಧಾನ್ಯ ತಂದಿದ್ದಾನೆ. ಇನ್ನೂ ಹಲವು ಧಾನ್ಯದ ಹಡಗುಗಳು ಅದೇ ದಾರಿಯಲ್ಲಿ ಬರುತ್ತಿರುವುದನ್ನು ಅವನು ಕಣ್ಣಾರೆ ಕಂಡಿದ್ದಾನೆ. ಇದನ್ನು ಊರಿನವರಿಗೆ ತಿಳಿಸಬೇಕೆ, ಅಥವಾ ಬಾಯಿ ಮುಚ್ಚಿಕೊಂಡು ಏರಿದ ಬೆಲೆಗೆ ಮಾರಬಹುದೆ? ಡಯೋಜಿನಿಸ್ ಎಂಬ ಸ್ಟೋಯಿಕ್ ತತ್ತ್ವಜ್ಞಾನಿಯ ಪ್ರಕಾರ, ಕಾನೂನು ಹೇಳಿದಷ್ಟನ್ನು ತಿಳಿಸಿದರೆ ಸಾಕು. ಮೌನ ಬೇರೆ, ಸುಳ್ಳು ಬೇರೆ. ಅವನ ಶಿಷ್ಯ ಆಂಟಿಪಾಟರನ ಪ್ರಕಾರ, ಕೊಳ್ಳುವವನಿಗೆ ಏನನ್ನೂ ಮರೆಮಾಚಬಾರದು. ಸಿಸೆರೊ ಒಲಿದದ್ದು ಶಿಷ್ಯನ ಕಡೆಗೆ. ಹದಿಮೂರನೆಯ ಶತಮಾನದಲ್ಲಿ ತೋಮಸ್ ಅಕ್ವೀನಾಸರು ಇಂತಹುದೇ ಸಂದರ್ಭವನ್ನು ವಿಚಾರಿಸಿ, ಮುಂದೆ ಬರಲಿರುವ ಸರಕಿನ ಸುದ್ದಿಯನ್ನು ತಿಳಿಸದಿರುವುದು ನ್ಯಾಯಕ್ಕೆ ವಿರುದ್ಧವಲ್ಲ, ಆದರೆ ತಿಳಿಸಿದರೆ ಅದು ಹೆಚ್ಚಿನ ಸದ್ಗುಣ ಎಂದು ಅಳೆದು ತೂಗಿ ಹೇಳಿದರು.

ಹಡಗಿನ ಶಾಪಿಂಗ್ ಗೈಡನ್ನು ಈ ತಕ್ಕಡಿಯಲ್ಲಿಟ್ಟು ನೋಡೋಣ. ಆತ ಸುಳ್ಳು ಹೇಳುತ್ತಾನೆಂದಲ್ಲ. ತಾನು ಹೊಗಳುವ ಅಂಗಡಿ ಆ ಹೊಗಳಿಕೆಗಾಗಿ ಹಣ ತೆತ್ತಿದೆ ಎಂಬುದನ್ನು ಹೇಳದಿದ್ದರೆ, ಕೇಳುವವರು ಜಾಹೀರಾತನ್ನು ಹಿತವಚನವೆಂದು ಭಾವಿಸುತ್ತಾರೆ. ರೋಡ್ಸಿನ ವರ್ತಕನ ಮೌನ ಸರಕಿನ ಬೆಲೆಯನ್ನು ಕುರಿತದ್ದು. ಇಲ್ಲಿಯ ಮೌನ ಮಾತನಾಡುವವನು ಯಾರ ಪರ ಎಂಬುದನ್ನೇ ಕುರಿತದ್ದು. ಆದುದರಿಂದ ಇದು ಹೆಚ್ಚು ಗುರುತರವೆಂದು ನಮ್ಮ ಅಭಿಪ್ರಾಯ. ಅಲಾಸ್ಕದ ಜನರಿಗೂ ಹೀಗೆಯೇ ತೋರಿರಬೇಕು. 2006ರಲ್ಲಿ ಅಲ್ಲಿಯ ಮತದಾರರು ವಿಹಾರ ನೌಕೆಗಳನ್ನು ಕುರಿತ ಒಂದು ಪ್ರಸ್ತಾವವನ್ನು ಜನಮತದಿಂದ ಅಂಗೀಕರಿಸಿದರು. ಇಂತಹ ಪ್ರಚಾರದ ಹಿಂದಿನ ಹಣದ ಸಂಬಂಧವನ್ನು ಬಯಲು ಮಾಡಬೇಕೆಂಬ ನಿಯಮ ಆ ರಾಜ್ಯದ ಕಾನೂನಿನಲ್ಲಿ ಸೇರಿತು. ಹಣ ಕೊಟ್ಟ ಅಂಗಡಿಯನ್ನು ಹಡಗಿನಲ್ಲಿ ಹೊಗಳುವವರು ಆ ಸಂಗತಿಯನ್ನು ಬಾಯಿಮಾತಿನಲ್ಲೂ ಬರಹದಲ್ಲೂ ಸ್ಪಷ್ಟವಾಗಿ ತಿಳಿಸಬೇಕೆಂದು ಅಲ್ಲಿಯ ಗ್ರಾಹಕ ರಕ್ಷಣಾ ಕಾನೂನು ಹೇಳುತ್ತದೆ. ಆಂಟಿಪಾಟರನ ಮಾತು ಎರಡು ಸಾವಿರ ವರ್ಷಗಳ ನಂತರ ಉತ್ತರ ಧ್ರುವದ ಹತ್ತಿರ ಶಾಸನವಾಯಿತೆನ್ನಬಹುದು.

ಆದರೆ ಕಾನೂನಿನ ನೆರಳು ಕಡಲಿನ ಮೇಲೆ ಬಹು ದೂರ ಬೀಳುವುದಿಲ್ಲ. ದೊಡ್ಡ ವಿಹಾರ ನೌಕೆಗಳಲ್ಲಿ ಹೆಚ್ಚಿನವು ಪನಾಮ, ಬಹಾಮಾಸ್, ಬರ್ಮುಡ, ಮಾಲ್ಟ ಮುಂತಾದೆಡೆಗಳಲ್ಲಿ ನೋಂದಣಿಯಾದವು. ತಕರಾರು ಹೂಡಬೇಕಾದ ನ್ಯಾಯಾಲಯ ಯಾವುದೆಂದು ಟಿಕೆಟ್ಟಿನ ಕರಾರಿನಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಹಡಗಿನಲ್ಲಿ ಬಿದ್ದು ಗಾಯಗೊಂಡ ವಾಷಿಂಗ್ಟನ್ ರಾಜ್ಯದ ಪ್ರಯಾಣಿಕರೊಬ್ಬರ ಮೊಕದ್ದಮೆಯಲ್ಲಿ, ಟಿಕೆಟ್ಟಿನಲ್ಲಿ ಅಚ್ಚಾದಂತೆ ದೂರದ ಫ್ಲಾರಿಡದಲ್ಲೇ ದಾವೆ ಹೂಡಬೇಕೆಂಬ ಷರತ್ತು ಸಿಂಧುವೆಂದು ಅಮೆರಿಕದ ಸುಪ್ರೀಂ ಕೋರ್ಟು 1991ರಲ್ಲಿ ತೀರ್ಪು ಕೊಟ್ಟಿತು. ಅದೇ ದೇಶದ ಪ್ರಜೆಗಳಿಗೇ ಹೀಗಾದರೆ, ಬಂಟ್ವಾಳಕ್ಕೋ ಕುಂದಾಪುರಕ್ಕೋ ಮರಳಿ ಬಂದ ನಮ್ಮವರು ಒಂದು ಲೇಪನದ ಡಬ್ಬಿಗಾಗಿ ಯಾವ ಕಟಕಟೆ ಹತ್ತಿಯಾರು? ಪರಿಹಾರ ದೂರವಿರುವಲ್ಲಿ ಎಚ್ಚರ ಹತ್ತಿರವಿರಬೇಕು.

'ನೋಡೋಣ' ಎಂಬ ಮಾತು

ಎಚ್ಚರವೆಂದರೆ ಏನು? ಮಾರುವವರೆಲ್ಲರೂ ವಂಚಕರೆಂದು ಹುಬ್ಬು ಗಂಟಿಕ್ಕಿಕೊಂಡು ಏಳು ದಿನ ಕಳೆಯುವುದಲ್ಲ. ಹಾಗೆ ಕಳೆಯುವ ವಿಹಾರಕ್ಕಿಂತ ಮನೆಯ ಜಗಲಿಯೇ ಲೇಸು. ಎಚ್ಚರವೆಂದರೆ, ಮಾತು ಕಿವಿಗೆ ಬೀಳುವ ಮೊದಲೇ ಮನಸ್ಸಿನಲ್ಲಿ ನಿರ್ಧಾರವಾಗಿರುವುದು. ನಮಗೆ ಬೇಕಾದದ್ದೇನು, ಅದಕ್ಕೆ ಎಷ್ಟು ಹಣ ಎಂದು ಮನೆಯಲ್ಲಿಯೇ ಕುಳಿತು ಬರೆದುಕೊಂಡವರಿಗೆ ಹಡಗಿನಲ್ಲಿ ಪ್ರತಿ ಸಲ ಹೊಸದಾಗಿ ಯೋಚಿಸುವ ಕಷ್ಟವಿಲ್ಲ. ಸ್ವಾತಂತ್ರ್ಯವೆಂಬುದು ಆ ಕ್ಷಣದ ಬಯಕೆಯಂತೆ ನಡೆಯುವುದಲ್ಲ, ಮೊದಲೇ ವಿವೇಚಿಸಿ ಆರಿಸಿದ್ದನ್ನು ಆ ಕ್ಷಣದಲ್ಲಿ ಬಿಟ್ಟುಕೊಡದಿರುವುದು ಎಂದು ನೀತಿಶಾಸ್ತ್ರ ಹೇಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಹಿರಿಯರ ಮಾತಿನ ಅರ್ಥವೂ ಇದೇ. ಹಾಸಿಗೆಯ ಉದ್ದವನ್ನು ಮಲಗುವ ಮೊದಲೇ ನೋಡಿಕೊಳ್ಳಬೇಕು.

ಇನ್ನು 'ಬೇಡ' ಎನ್ನುವ ಬಗೆ. ನಮ್ಮವರು 'ಬೇಡ' ಎಂಬುದನ್ನು ನೇರವಾಗಿ ಹೇಳುವುದಿಲ್ಲ. 'ನೋಡೋಣ' ಎನ್ನುತ್ತೇವೆ, 'ಆಮೇಲೆ ಬರುತ್ತೇವೆ' ಎನ್ನುತ್ತೇವೆ, 'ಮಗನನ್ನು ಕೇಳಿ ಹೇಳುತ್ತೇವೆ' ಎನ್ನುತ್ತೇವೆ. ನಮ್ಮ ನಡುವೆ ಇದರ ಅರ್ಥ ಎಲ್ಲರಿಗೂ ಗೊತ್ತು. ಆದರೆ ಮಾರಾಟದ ತರಬೇತಿ ಪಡೆದವರಿಗೆ 'ನೋಡೋಣ' ಎಂದರೆ ಅರ್ಧ ತೆರೆದ ಬಾಗಿಲು. ಅವರು ಮರುದಿನ ಮತ್ತೆ ಬರುತ್ತಾರೆ. ಮೂರನೆಯ ದಿನ ನಾವು ಅವರನ್ನು ಕಂಡು ಬೇರೆ ಮೆಟ್ಟಿಲಿನಿಂದ ಇಳಿಯುತ್ತೇವೆ. ನಾಲ್ಕನೆಯ ದಿನ ಸಿಕ್ಕಿಬಿದ್ದು ಕೊಂಡುಬಿಡುತ್ತೇವೆ. ತಪ್ಪು ಅವರದೆಂದು ಆ ಮೇಲೆ ದೂರುತ್ತೇವೆ. ಆದರೆ ಮನಸ್ಸಿನಲ್ಲಿ 'ಇಲ್ಲ' ಎಂದಿಟ್ಟುಕೊಂಡು ಬಾಯಲ್ಲಿ 'ನಾಳೆ' ಎನ್ನುವುದು ಸೌಜನ್ಯದ ವೇಷ ತೊಟ್ಟ ಅಸತ್ಯ. ಅದರಿಂದ ಯಾರಿಗೂ ಒಳಿತಿಲ್ಲ.

ಮಾರುವವರ ಸ್ಥಿತಿಯನ್ನೂ ಯೋಚಿಸಬೇಕು. ಎಂಟೊಂಬತ್ತು ತಿಂಗಳ ಕರಾರಿನ ಮೇಲೆ ಮನೆ ಬಿಟ್ಟು ಬಂದವರು ಅವರಲ್ಲಿ ಬಹಳ ಮಂದಿ. ಹಡಗಿನ ದುಡಿಮೆ ಸಣ್ಣದಲ್ಲ. 2013ರ ಆಗಸ್ಟ್ 20ರಂದು ಜಾರಿಗೆ ಬಂದ, ಭಾರತವೂ 2015ರಲ್ಲಿ ಒಪ್ಪಿದ, ಅಂತಾರಾಷ್ಟ್ರೀಯ ಕಡಲ ಕಾರ್ಮಿಕ ಒಡಂಬಡಿಕೆಯ ಮಿತಿಯೇ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ. ಸ್ಪಾದಲ್ಲಿ, ಅಂಗಡಿಯಲ್ಲಿ ದುಡಿಯುವ ಅನೇಕರ ಗಳಿಕೆ ಕಮಿಷನ್ನಿನ ಮೇಲೆ ನಿಂತಿದೆ. ಅವರಿಗೆ ಇಷ್ಟು ಮಾರಬೇಕೆಂಬ ಗುರಿಯೂ ಇರುತ್ತದೆ. ಅಂತಹವರಿಗೆ ಮೂರು ದಿನ ಆಸೆ ತೋರಿಸಿ ತಪ್ಪಿಸಿಕೊಳ್ಳುವುದು ದಯೆಯಲ್ಲ. ಮುಖ ನೋಡಿ, ಮುಗುಳ್ನಗೆಯಿಂದ, 'ಬೇಡ, ವಂದನೆಗಳು' ಎಂದು ಮೊದಲ ಸಲವೇ ಸ್ಪಷ್ಟವಾಗಿ ಹೇಳಿದರೆ ಅವರ ಸಮಯ ಉಳಿಯುತ್ತದೆ, ನಮ್ಮ ನೆಮ್ಮದಿಯೂ ಉಳಿಯುತ್ತದೆ. ಕಾರಣ ಕೊಡಬೇಕಾಗಿಲ್ಲ. ಕಾರಣ ಕೊಟ್ಟರೆ ಅದಕ್ಕೊಂದು ಉತ್ತರ ಅವರ ಬಳಿ ಸಿದ್ಧವಾಗಿರುತ್ತದೆ. ನಿರಾಕರಿಸಬೇಕಾದದ್ದು ಸರಕನ್ನು, ಮನುಷ್ಯನನ್ನಲ್ಲ. ಮುಖ ತಿರುಗಿಸುವುದು, ಗದರುವುದು, ಕೇಳದಂತೆ ನಟಿಸುವುದು ಮನುಷ್ಯನನ್ನೇ ನಿರಾಕರಿಸಿದಂತೆ. ನಮ್ಮ ಮನೆಯ ಮಗನೊಬ್ಬನ ಮುಂದೆ ಯಾರೋ ಹಾಗೆ ಮುಖ ತಿರುಗಿಸಿದರೆ ನಮಗೆ ಹೇಗಾದೀತು?

ಇದೇ ಕಾರಣಕ್ಕೆ ಇನ್ನೊಂದು ಮಾತು. ಹಡಗಿನ ಲೆಕ್ಕದಲ್ಲಿ ಪ್ರತಿಯೊಬ್ಬರಿಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಭಕ್ಷೀಸಿನ ಬಾಬ್ತು ಸೇರಿರುವುದು ರೂಢಿ. ಕೆಲವರು ಪ್ಯಾಕೇಜು, ಆಭರಣಗಳಿಗೆ ಸಾವಿರ ಡಾಲರ್ ಸುರಿದು, ಕೊನೆಯ ದಿನ ಉಳಿತಾಯಕ್ಕೆಂದು ಕಚೇರಿಯ ಮುಂದೆ ಸಾಲು ನಿಂತು ಈ ಭಕ್ಷೀಸನ್ನು ತೆಗೆಸುತ್ತಾರೆಂದು ಕೇಳುತ್ತೇವೆ. ಇದು ಅನ್ಯಾಯ. ಹಾಸಿಗೆ ಹಾಸಿದವರ, ತಟ್ಟೆ ತೊಳೆದವರ ಕೂಲಿಯಲ್ಲಿ ಮಿತವ್ಯಯ ಆರಂಭಿಸಬಾರದು. ಬೇಡದ ಸರಕಿಗೆ ಮೊದಲ ದಿನವೇ 'ಬೇಡ' ಎಂದವರಿಗೆ ಸಲ್ಲಬೇಕಾದ ಕೂಲಿಯನ್ನು ಕೊನೆಯ ದಿನ ಸಂತೋಷದಿಂದ ಸಲ್ಲಿಸುವ ಶಕ್ತಿಯಿರುತ್ತದೆ.

ಕೊಳ್ಳಲೇಬಾರದೆ ಎಂದು ಕೇಳಿದರೆ, ಹಾಗೇನೂ ಇಲ್ಲ. ಅದೇ ಕಂಪೆನಿಯಲ್ಲಿ ಮತ್ತೊಮ್ಮೆ ಪ್ರಯಾಣ ಮಾಡುವುದು ನಿಶ್ಚಯವಾಗಿದ್ದವರಿಗೆ ಹಡಗಿನಲ್ಲಿಯೇ ಮುಂಗಡ ಕೊಟ್ಟರೆ ರಿಯಾಯಿತಿ ಸಿಗುವುದುಂಟು. ಮುಂಗಡ ಮರಳಿ ಸಿಗುತ್ತದೆಯೇ ಎಂದು ಓದಿ ನೋಡಿ ಒಪ್ಪಿದರೆ ಅದು ವಿವೇಕವೇ. ಅಲಾಸ್ಕದ ನೆನಪು ಬೇಕೆನ್ನುವವರು ಅಲ್ಲಿಯ ಮೂಲನಿವಾಸಿಗಳ ಕೈಕೆಲಸವನ್ನು ಕೊಳ್ಳಬಹುದು. ಅದು ನಿಜವಾಗಿ ಅವರದೇ ಎಂದು ಸೂಚಿಸಲು ರಾಜ್ಯ ಸರಕಾರದ 'ಸಿಲ್ವರ್ ಹ್ಯಾಂಡ್' ಎಂಬ ಮುದ್ರೆಯಿದೆ. ಮುದ್ರೆ ನೋಡಬೇಕಾದ ಅಗತ್ಯವೂ ಇದೆ. ಫಿಲಿಪ್ಪೀನ್ಸಿನಲ್ಲಿ ಕೆತ್ತಿಸಿ ತಂದ ಟೋಟೆಂ ಕಂಬಗಳನ್ನು ಮೂಲನಿವಾಸಿಗಳ ಕೆಲಸವೆಂದು ಮಾರಿದ್ದಕ್ಕಾಗಿ ಕೆಚಿಕನ್ ಬಂದರಿನ ಅಂಗಡಿಕಾರನೊಬ್ಬನಿಗೆ 2023ರಲ್ಲಿ ಅಲ್ಲಿಯ ನ್ಯಾಯಾಲಯ ಎರಡು ವರ್ಷಗಳ ಸೆರೆವಾಸ ವಿಧಿಸಿತು. ಪ್ರಾಮಾಣಿಕವಾಗಿ ಕೆತ್ತುವವರ ಅನ್ನಕ್ಕೆ ಇಂತಹ ಮಾರಾಟ ಎಷ್ಟು ದೊಡ್ಡ ಕೊಡಲಿಯೆಂಬುದನ್ನು ಕರಕುಶಲಿಗಳ ನಾಡಿನವರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

'ಜೀವಮಾನದಲ್ಲಿ ಒಮ್ಮೆ ಹೋಗುವ ವಿಹಾರ, ಅಲ್ಲಿಯೂ ಲೆಕ್ಕ ಹಾಕಬೇಕೆ?' ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. ಕಾಸಿಗೆ ಕಾಸು ಗಂಟು ಹಾಕುವ ಮನಸ್ಸು ಕಡಲಿನ ಸೂರ್ಯಾಸ್ತವನ್ನು ನೋಡಲಾರದು. ಆದರೆ ಲೆಕ್ಕ ಹಾಕದವರ ಸ್ಥಿತಿಯೇನು? ಅವರು ಸೂರ್ಯಾಸ್ತದ ಹೊತ್ತಿಗೆ ಹರಾಜಿನ ಕೋಣೆಯಲ್ಲಿರುತ್ತಾರೆ, ಹಿಮನದಿ ಎದುರಾಗುವ ಹೊತ್ತಿಗೆ ಪಾದಪರೀಕ್ಷೆಯ ಸಾಲಿನಲ್ಲಿರುತ್ತಾರೆ. ಮಾರಾಟದ ಮಾತು ಹಣವನ್ನಷ್ಟೇ ಅಲ್ಲ, ಹೊತ್ತನ್ನೂ ಗಮನವನ್ನೂ ಕೊಂಡೊಯ್ಯುತ್ತದೆ. ಹಡಗಿನ ಮೇಲ್ಕಟ್ಟಿನಲ್ಲಿ ಮೊಮ್ಮಕ್ಕಳ ಜೊತೆ ಕುಳಿತು ತಿಮಿಂಗಿಲ ಕಾಣುವುದೇ ಎಂದು ಕಾಯುವುದಕ್ಕೆ ಯಾವ ಶುಲ್ಕವೂ ಇಲ್ಲ. ಅದಕ್ಕಾಗಿಯೇ ಅಲ್ಲವೆ ಅಷ್ಟು ದೂರ ಹೋದದ್ದು?

ಕೊನೆಯದಾಗಿ ಮಕ್ಕಳಿಗೆ ಒಂದು ಮಾತು. ತಂದೆ ತಾಯಿಯರನ್ನು ಹಡಗು ಹತ್ತಿಸುವ ನಿಮ್ಮ ಪ್ರೀತಿ ದೊಡ್ಡದು. ಆದರೆ ಟಿಕೆಟ್ ಕೈಯಲ್ಲಿಟ್ಟರೆ ಕೆಲಸ ಮುಗಿಯಲಿಲ್ಲ. ಯಾವುದು ಟಿಕೆಟ್ಟಿನಲ್ಲಿ ಸೇರಿದೆ, ಯಾವುದು ಸೇರಿಲ್ಲ ಎಂಬುದನ್ನು ಅವರಿಗೆ ಮನೆಮಾತಿನಲ್ಲಿ ಹೇಳಿ. ದಡದ ಪ್ರವಾಸ, ಔಷಧ, ಇಷ್ಟದ ತಿನಿಸು ಮುಂತಾದವಕ್ಕೆಂದು ಒಂದು ಮೊತ್ತವನ್ನು ಗೊತ್ತುಮಾಡಿ, ಅದನ್ನು ಅವರು ಸಂಕೋಚವಿಲ್ಲದೆ ಖರ್ಚು ಮಾಡಲಿ ಎಂದು ಹೇಳಿ. ಲೆಕ್ಕದ ಪಟ್ಟಿಯನ್ನು ಕೊನೆಯ ದಿನಕ್ಕೆ ಬಿಡದೆ ಎರಡು ದಿನಕ್ಕೊಮ್ಮೆ ಅವರೊಡನೆ ಕುಳಿತು ನೋಡಿ. ತಪ್ಪು ಸೇರಿದ್ದರೆ ಹಡಗಿನಲ್ಲಿರುವಾಗಲೇ ತಿದ್ದಿಸುವುದು ಸುಲಭ. ಎಲ್ಲಕ್ಕಿಂತ ಮುಖ್ಯವಾಗಿ, 'ಬೇಡ ಎಂದರೆ ನಮಗೆ ಅವಮಾನವಿಲ್ಲ' ಎಂಬ ಧೈರ್ಯವನ್ನು ಅವರಿಗೆ ಕೊಡಿ. ಎಷ್ಟೋ ಹಿರಿಯರು ಕೊಳ್ಳುವುದು ಆಸೆಯಿಂದಲ್ಲ. ಬೇಡವೆಂದರೆ ಮಗನ ಮರ್ಯಾದೆ ಹೋದೀತೆಂಬ ಅಂಜಿಕೆಯಿಂದ ಕೊಳ್ಳುತ್ತಾರೆ. ಆ ಬಿಲ್ಲನ್ನು ತೀರಿಸುವ ಮಗನೂ ತಂದೆಯ ಮನಸ್ಸು ನೋಯಬಾರದೆಂದು ಬಾಯಿ ಬಿಡುವುದಿಲ್ಲ. ಇಬ್ಬರ ಪ್ರೀತಿಯ ನಡುವೆ ಯಾರಿಗೂ ಬೇಡದ ಡಬ್ಬಿಯೊಂದು ವರ್ಷಾನುಗಟ್ಟಲೆ ಕಪಾಟಿನಲ್ಲಿ ಕುಳಿತಿರುತ್ತದೆ.

ದಾಕ್ಷಿಣ್ಯವನ್ನು ನಾವು ಬಿಡಬೇಕಾಗಿಲ್ಲ, ಅದನ್ನು ಸಲ್ಲುವವರಿಗೆ ಸಲ್ಲಿಸಿದರೆ ಸಾಕು. ಸರಕನ್ನು ನಿರಾಕರಿಸುವಾಗಲೂ ಅದನ್ನು ಹಿಡಿದು ನಿಂತವರ ಹೆಸರು ಕೇಳಿ, ಊರು ಯಾವುದೆಂದು ವಿಚಾರಿಸಿ, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ಎರಡು ಮಾತನಾಡುವುದಕ್ಕೆ ಯಾವ ಪ್ಯಾಕೇಜೂ ಬೇಕಿಲ್ಲ. ಯಾರು ಬಲ್ಲರು, ಉತ್ತರ ನಮ್ಮ ಭಾಷೆಯಲ್ಲಿಯೇ ಬಂದೀತು.